ಟೈಮ್‌ಟೇಬಲ್ ಮೇಡಂ ಮತ್ತು ಎಳ್ಳ ಅಮಾಸಿ

ಸುರಪುರದ ವಿಶ್ವವಿದ್ಯಾಲಯ ಕೇಂದ್ರಕ್ಕೆ ಬಂದು ಡಾ. ಪರಿಮಳಾ ಖಂಡಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ ಗೇಟಿನಲ್ಲಿರುವ ಹಸನಸಾಬ ಸ್ವಲ್ಪ ಯೋಚಿಸುತ್ತಾನೆ. ಟೈಮ್‌ಟೇಬಲ್ ಮೇಡಂ ಎಂದು ಕೇಳಿದರೆ ಕೂಡಲೇ ಎದ್ದು ನಿಲ್ಲುತ್ತಾನೆ. ಅವರು ಈಗ ಸಗರನಾಡು ವಿಶ್ವವಿದ್ಯಾಲಯದ ಕುಲಸಚಿವೆ, ಕುಲಪತಿಗಳ ನಂತರದ ಜಾಗದಲ್ಲಿ ಇರುವವರು. ಆದರೂ ಹಳೆಯ ಹೆಸರು ಹೋಗಿಲ್ಲ.

ಆ ಹೆಸರು ಬಂದದ್ದು ಅವರು ಸುರಪುರದ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ದಿನಗಳಲ್ಲಿ. ಆ ಕಾಲೇಜಿನಲ್ಲಿ ಲ್ಯಾಬ್ ಎಂದರೆ ಸಂಜೆ ಎಂಬ ರೂಢಿಯಿತ್ತು. ಕೆಂಭಾವಿ ಕಡೆಯ ಹುಡುಗಿಯರು ಲ್ಯಾಬ್ ಅರ್ಧ ಆಗುತ್ತಿದ್ದಂತೆ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಅವರಿಗೆ ಯಂತ್ರದ ಮೇಲೆ ಆಸಕ್ತಿಯೇ ಇಲ್ಲ ಎಂದು ಉಳಿದ ಉಪನ್ಯಾಸಕರು ತೀರ್ಮಾನಿಸಿದ್ದರು. ಪರಿಮಳಾ ಮೇಡಂ ಒಂದು ದಿನ ಆ ಹುಡುಗಿಯರ ಹಿಂದೆಯೇ ಹೋದರು. ಹುಡುಗಿಯರು ಬಸ್‌ಸ್ಟ್ಯಾಂಡಿಗೆ ಓಡಿ ಕೆಂಭಾವಿಯ ಕೊನೆಯ ಬಸ್ಸನ್ನು ಹಿಡಿದರು. ಮರುವಾರದಿಂದ ಲ್ಯಾಬ್ ಬೆಳಗ್ಗೆಗೆ ಬಂತು, ಇಂಗ್ಲಿಷ್ ಪಾಠ ಸಂಜೆಗೆ ಹೋಯಿತು. ಯಂತ್ರದ ಮುಂದಿಂದ ಆ ಹುಡುಗಿಯರನ್ನು ಎಬ್ಬಿಸುವುದೇ ಕಷ್ಟವಾಯಿತು. ಇಂಗ್ಲಿಷ್ ಮೇಷ್ಟ್ರು ಮಾತ್ರ ಬಹಳ ದಿನ ಮೇಡಂ ಜತೆ ಮಾತು ಬಿಟ್ಟಿದ್ದರು.

ಅವರು ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ. ತಂದೆ ಖಂಡಪ್ಪ, ತಾಯಿ ಮರಿಲಿಂಗಮ್ಮ, ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ಒಂದೇ ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ಊರಿನ ಪಾಳುಬಿದ್ದ ಹಳೆಯ ಗುಡಿಗಳ ಮೆಟ್ಟಿಲ ಮೇಲೆ ಕುಳಿತು ಓದಿದರೆ ಬೆಳಕು ಹೆಚ್ಚು ಹೊತ್ತು ಸಿಗುತ್ತದೆ ಎಂದು ಮಗಳು ಅಲ್ಲೇ ಪಾಠ ಮಾಡಿಕೊಳ್ಳುತ್ತಿದ್ದಳು.

ಪಿಯುಸಿಗೆ ಶಹಾಪುರಕ್ಕೆ ಬಂದಾಗ ಮೊದಲ ಸಲ ಕಂಪ್ಯೂಟರ್ ಕಂಡರು. ಬಸ್‌ಸ್ಟ್ಯಾಂಡ್ ಹತ್ತಿರ ಮುನಾವರ ಎಂಬವರು ಒಂದು ತರಬೇತಿ ಕೇಂದ್ರ ನಡೆಸುತ್ತಿದ್ದರು. ಯಂತ್ರ ಎರಡು, ಕಲಿಯುವವರು ಕೋಣೆ ತುಂಬ. ಎಲ್ಲರಿಗೂ ಒಂದೇ ಹೊತ್ತು ಬೇಕು, ದಿನವೂ ಜಗಳ. ಹೊರಗೆ ನಿಂತು ಇದನ್ನು ನೋಡುತ್ತಿದ್ದ ಪರಿಮಳಾ, ಯಾರು ಯಾವಾಗ ಬಿಡುವಾಗಿರುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಚೌಕದ ಮನೆಗಳನ್ನು ಎಳೆದು ಪಾಳಿ ಬರೆದರು. ಜಗಳ ನಿಂತಿತು. ಯಾರ ಪಾಳಿಯೂ ಇಲ್ಲದ ಹೊತ್ತಿನಲ್ಲಿ ಯಂತ್ರದ ಮುಂದೆ ಕೂರಲು ಮುನಾವರ ಸರ್ ಅವರಿಗೆ ಬಿಟ್ಟುಕೊಟ್ಟರು.

"ಬೇಟಿ, ಇರೋದು ಎರಡ ಮಷೀನ," ಎನ್ನುತ್ತಿದ್ದರಂತೆ ಅವರು. "ಜಗಳ ಹತ್ತದಂಗ ಹಂಚೋದು ಕಲ್ತಿ ಅಂದ್ರ ಅರ್ಧ ಕಂಪ್ಯೂಟರ್ ಕಲ್ತಂಗ."

ಆ ಮಾತು ಅವರ ಬದುಕಿನ ವಿಷಯವೇ ಆಯಿತು. ಯಾದಗಿರಿಯಲ್ಲಿ ಪದವಿ, ಕಲಬುರಗಿಯಲ್ಲಿ ಎಂಸಿಎ, ಸುರಪುರದಲ್ಲಿ ಕೆಲಸ, ಕೆಲಸದ ಜತೆಗೇ ಸಂಶೋಧನೆ. ಇರುವ ಕೋಣೆ, ಇರುವ ಶಿಕ್ಷಕರು, ಇರುವ ಬಸ್ಸು ಇಷ್ಟರೊಳಗೆ ಎಲ್ಲರ ಪಾಠವೂ ಒಂದಕ್ಕೊಂದು ತಾಗದಂತೆ ಕಂಪ್ಯೂಟರಿನಿಂದ ಹೊಂದಿಸುವುದು ಹೇಗೆ ಎಂಬುದೇ ಅವರ ಪಿಎಚ್‌ಡಿ. ಪ್ರಾಧ್ಯಾಪಕಿಯಾದರು, ವಿಭಾಗದ ಮುಖ್ಯಸ್ಥೆಯಾದರು, ಕೊನೆಗೆ ಕುಲಸಚಿವೆಯಾಗಿ ವಿಶ್ವವಿದ್ಯಾಲಯವಿರುವ ಯಾದಗಿರಿಗೆ ಹೋದರು. ಅಲ್ಲಿಗೆ ಹೋದ ಮೊದಲ ವರ್ಷವೇ ತಾವು ಬರೆದ ಪ್ರೋಗ್ರಾಮನ್ನು ಇಡೀ ವಿಶ್ವವಿದ್ಯಾಲಯಕ್ಕೆ ಅಳವಡಿಸಿದರು. ಪರೀಕ್ಷೆ, ಘಟಿಕೋತ್ಸವ, ಹೊರಗಿನ ಸಮಿತಿಗಳ ಭೇಟಿ, ಎಲ್ಲಕ್ಕೂ ಅದೇ ದಿನ ಹುಡುಕಿ ಕೊಡುತ್ತಿತ್ತು. ಒಂದು ದಿನವೂ ಒಂದಕ್ಕೊಂದು ತಾಗಿರಲಿಲ್ಲ.

ಕುಲಸಚಿವೆಯಾದ ಮೇಲೆ ಅವರು ಮನಸ್ಸಿಟ್ಟು ಹಿಡಿದ ಕೆಲಸ ಒಂದೇ, ಸುರಪುರ ಕೇಂದ್ರಕ್ಕೆ ಎಂಸಿಎ ತರುವುದು. ನಮ್ಮ ಕಡೆ ಬಿಸಿಎ ಮುಗಿಸಿದ ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತದೆ. ಮುಂದೆ ಓದಬೇಕಾದರೆ ಕಲಬುರಗಿ, ಕಲಬುರಗಿ ಎಂದರೆ ಹಾಸ್ಟೆಲು, ಹಾಸ್ಟೆಲು ಎಂದರೆ ಮನೆಯಲ್ಲಿ ಬೇಡ. ಕೇಂದ್ರದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದ ಅಂಜನಾ ಎಂಬ ಹುಡುಗಿಯ ತಂದೆ, ಕೆಂಭಾವಿಯ ಪರಮಣ್ಣ, ಇದನ್ನು ಮೇಡಂ ಮುಖಕ್ಕೇ ಹೇಳಿದ್ದ. ಸುರಪುರದಲ್ಲಿ ಕೋರ್ಸು ಬಂದರೆ ಮಗಳು ಎಷ್ಟು ಓದುತ್ತಾಳೋ ಅಷ್ಟು ಓದಿಸುತ್ತೇನೆ, ಆದರೆ ದೀಪ ಹಚ್ಚುವ ಹೊತ್ತಿಗೆ ಅವಳು ಮನೆಯಲ್ಲಿರಬೇಕು, ಇದರ ಮೇಲೆ ನನ್ನ ಹತ್ತಿರ ಮಾತಿಲ್ಲ ಎಂದಿದ್ದ. ಅಂಜನಾಳಂಥವರು ಆ ತರಗತಿಯಲ್ಲಿ ಹಲವರಿದ್ದರು.

ಕೋರ್ಸಿಗೆ ಅನುಮತಿ ಕೊಡಲು ಮೂವರ ಸಮಿತಿ ಬರಬೇಕಿತ್ತು. ಕಟ್ಟಡ, ಯಂತ್ರ, ಶಿಕ್ಷಕರು, ಇವೆಲ್ಲಕ್ಕಿಂತ ಮುಖ್ಯವಾಗಿ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಕೆಲಸ ಮಾಡುವುದನ್ನು ಅವರು ಕಣ್ಣಾರೆ ನೋಡಬೇಕು. ಸಮಿತಿ ತನಗೆ ಬಿಡುವಿರುವ ವಾರ ತಿಳಿಸಿತು. ಪ್ರೋಗ್ರಾಮು ಆ ವಾರದೊಳಗೆ ಒಂದು ದಿನ ಆರಿಸಿ ಕೊಟ್ಟಿತು. ಮೇಡಂ ಅದನ್ನೇ ಎಲ್ಲರಿಗೂ ಕಳಿಸಿದರು.

ಆ ದಿನ ಬೆಳಗ್ಗೆ ಯಾದಗಿರಿಯ ಮನೆಯಲ್ಲಿ ಮೇಡಂ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದರು. ಖಂಡಪ್ಪ ತೀರಿಕೊಂಡ ಮೇಲೆ ಮಗಳ ಜತೆಗೇ ಇರುವ ಮರಿಲಿಂಗಮ್ಮ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಳ್ಳ ಅಮಾಸಿ ದಿನ ಇಷ್ಟ ಚಲೋ ಸೀರಿ ಉಟ್ಟೀದಿ. ಯಾರ ಹೊಲಕ್ಕ ಉಣ್ಣಾಕ ಹೊಂಟೀಯವ್ವ?"

ಮೇಡಂ ಕೈಯಲ್ಲಿದ್ದ ಪಿನ್ನು ಹಾಗೇ ನಿಂತಿತು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆಯ ಊರುಗಳಲ್ಲಿ ಮನೆಯೊಳಗೆ ಯಾರೂ ಉಣ್ಣುವುದಿಲ್ಲ. ಬುಟ್ಟಿ ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ನಿಂತ ಬೆಳೆಯ ನಡುವೆ ಪೂಜೆ ಮಾಡಿ, ಅಡುಗೆಯ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದು ಚರಗ, ಭೂಮಿಯ ಊಟ. ಭೂಮಿ ಉಂಡ ಮೇಲೆ ಮಂದಿಯ ಊಟ. ಹೊಲಕ್ಕೆ ಕಾಲಿಟ್ಟವರನ್ನು ಉಣ್ಣಿಸದೆ ಕಳಿಸುವಂತಿಲ್ಲ, ಉಣ್ಣದೆ ಎದ್ದು ಹೋಗುವಂತೆಯೂ ಇಲ್ಲ. ಆ ದಿನ ಊರಿನ ಶಾಲೆ ತೆರೆದಿದ್ದರೂ ಮೇಷ್ಟ್ರು ಒಬ್ಬರೇ ಕುಳಿತಿರುತ್ತಾರೆ. ಮೇಡಂ ಪ್ರೋಗ್ರಾಮಿಗೆ ತುಂಬಿಸಿದ್ದ ರಜೆಗಳಲ್ಲಿ ಈ ದಿನ ಇರಲಿಲ್ಲ.

ಸುರಪುರ ಕೇಂದ್ರದ ನಿರ್ದೇಶಕ ಶಾಂತಕುಮಾರ ಅವರಿಗೆ ಫೋನು ಮಾಡಿದರು. ಹಾಸ್ಟೆಲಿನಲ್ಲಿದ್ದವರೂ ನಿನ್ನೆ ಸಂಜೆಯೇ ಊರಿಗೆ ಹೋಗಿದ್ದಾರೆ, ಲ್ಯಾಬಿನಲ್ಲಿ ಒಂದು ಹುಳವೂ ಇಲ್ಲ ಎಂದರು ಅವರು. ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಎಂದರೆ ಶಾಂತಕುಮಾರ ತಡವರಿಸಿದರು.

"ನೀವ ದಿನ ಹಾಕೀರಿ ಅಂದ್ರ ಏನರ ತಿಳದ ಹಾಕಿರ್ತೀರಿ ಅಂದ್ಕೊಂಡೀವ್ರಿ. ಸಮಿತಿಯವ್ರನ್ನ ಹೊಲಕ್ಕ ಒಯ್ದು ಉಣಸ್ತೀರಿ ಅಂತ ಹಸನಸಾಬ ಬಾಳಿ ಎಲಿನೂ ತಂದಿಟ್ಟಾನ್ರಿ."

ಎಲ್ಲರಿಗೂ ಗೊತ್ತಿತ್ತು. ಕಚೇರಿಯ ಗುಮಾಸ್ತರಿಗೆ, ಶಿಕ್ಷಕರಿಗೆ, ಹುಡುಗರಿಗೆ. ಟೈಮ್‌ಟೇಬಲ್ ಮೇಡಂ ದಿನದ ವಿಷಯದಲ್ಲಿ ತಪ್ಪುತ್ತಾರೆ ಎಂದು ಒಬ್ಬರ ತಲೆಗೂ ಬಂದಿರಲಿಲ್ಲ.

ಸಮಿತಿಯ ಅಧ್ಯಕ್ಷರು ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರು. ಅತಿಥಿಗೃಹಕ್ಕೆ ಹೋಗಿ ಮೇಡಂ ನಡೆದದ್ದನ್ನು ಇದ್ದ ಹಾಗೇ ಹೇಳಿದರು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಸಡಿಲವೂ ಆಗಲಿಲ್ಲ. ನಾಳೆ ನಮಗೆ ಬೇರೆ ಜಿಲ್ಲೆ, ಬಿಟ್ಟರೆ ಮುಂದಿನ ವರ್ಷವೇ, ಇವತ್ತು ಯಾದಗಿರಿಯ ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ ಸುರಪುರಕ್ಕೆ ಬರುತ್ತೇವೆ ಎಂದರು. "ಮಕ್ಕಳು ಕೆಲಸ ಮಾಡೋದು ನೋಡದೆ ನಾನು ಬರೆಯೋಕಾಗಲ್ಲ ಮೇಡಂ. ಖಾಲಿ ಕುರ್ಚಿಗೆ ಕೋರ್ಸು ಕೊಟ್ಟೆ ಅಂತಾರೆ."

ಮುಂದಿನ ವರ್ಷ ಎಂದರೆ ಅಂಜನಾಳ ತರಗತಿಗೆ ಕೋರ್ಸು ಇಲ್ಲ ಎಂದೇ ಅರ್ಥ. ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಓದಿಗೆ ಬಂದದ್ದನ್ನು ಮೇಡಂ ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಹೆಚ್ಚು ಕಂಡಿರಲಿಲ್ಲ.

ಅವರು ಕಾರು ಹತ್ತಿ ಕೆಂಭಾವಿಗೆ ಹೋಗಲು ಹೇಳಿದರು. ತರಗತಿಯಲ್ಲಿ ಯಾರ ಹೊಲ ಎಲ್ಲಿದೆ ಎಂದು ಅಂಜನಾಳಿಗೆ ಗೊತ್ತಿತ್ತು. ಆದರೆ ಅವಳ ಫೋನು ಮನೆಯಲ್ಲೇ ಉಳಿದು ರಿಂಗಾಗುತ್ತಿತ್ತು. ಭೀಮಾ ಸೇತುವೆ ದಾಟಿದ ಮೇಲೆ ಚಾಲಕ ಸಿಕಂದರ ಮೆಲ್ಲಗೆ ಬಾಯಿ ಬಿಟ್ಟ. "ನಂಗೂ ಮಾಲೂಮ್ ಇತ್ರಿ ಮೇಡಂ. ಸಾಹೇಬ್ರ ಕೆಲಸದಾಗ ಡ್ರೈವರ್ ಬಾಯಿ ಹಾಕಬಾರ್ದು ಅಂತ ನಿಮಗಿಂತ ಮೊದಲಿದ್ದ ಸಾಹೇಬ್ರು ಹೇಳಿದ್ರು."

"ಇನ್ನ ಮ್ಯಾಲ ಹಾಕಪಾ," ಎಂದರು ಮೇಡಂ.

ಕಾರು ಶಹಾಪುರ ದಾಟಿತು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಒಂದೊಂದು ಹೊಲದಲ್ಲೂ ಬಣ್ಣದ ಸೀರೆಗಳು, ಬುಟ್ಟಿಗಳು, ಗಾಡಿಗಳು. ಊರುಗಳಲ್ಲಿ ಬೀಗ.

ದಾರಿಯಲ್ಲಿ ಕೇಳುತ್ತ ಹೋದಾಗ ಪರಮಣ್ಣನ ಹೊಲ ಕೆಂಭಾವಿಯಿಂದ ಆಚೆ, ಕಾಲುವೆಯ ಪಕ್ಕ ಸಿಕ್ಕಿತು. ಅವನ ಹೆಂಡತಿ ಮಲ್ಲಾಬಾಯಿ ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ ಪೂಜೆಗೆ ಅಣಿ ಮಾಡುತ್ತಿದ್ದಳು. ಬೀಗರು ಇನ್ನೂ ಬಂದಿರಲಿಲ್ಲ. ಬೀಗರು ಬಂದ ಮೇಲೆ ಪೂಜೆ, ಪೂಜೆಯ ಮೇಲೆ ಚರಗ, ಚರಗದ ಮೇಲೆ ಊಟ. ಅಷ್ಟಾಗುವಾಗ ಹೊತ್ತು ಇಳಿದಿರುತ್ತದೆ. ಮೇಡಂ ಬಂದ ಕಾರಣ ಹೇಳಿದರು. ತಪ್ಪು ತನ್ನದೇ ಎಂದೂ ಹೇಳಿದರು. ಅಂಜನಾ ತಂದೆಯ ಮುಖ ನೋಡಿದಳು, ಪರಮಣ್ಣ ಬೆಳೆಯ ಕಡೆ ನೋಡಿದ.

"ಉಣ್ಣದ ಎಬ್ಬಿಸಿ ಕಳಸಂಗಿಲ್ರಿ. ನೀವೂ ಉಣ್ಣದ ಹೋಗಂಗಿಲ್ಲ. ಕುಂದರ್ರಿ ಮೊದಲ."

ಮೇಡಂ ಕುಳಿತರು. ಎಲ್ಲಿ ಕುಳಿತರು ಎಂಬುದನ್ನು ಅವರು ಗಮನಿಸಿರಲಿಲ್ಲ, ಪರಮಣ್ಣ ಗಮನಿಸಿದ. ಗುಡಿಸಲ ಮುಂದೆ ಕಂಬಳಿ ಹಾಸಿತ್ತು. ಅವರು ಮಾತ್ರ ಅದರಿಂದ ದೂರ, ಹೊಲದ ಅಂಚಿನ ಬದುವಿನ ಮೇಲೆ ಕುಳಿತಿದ್ದರು.

ಶಿರವಾಳದಲ್ಲಿ ಖಂಡಪ್ಪನ ಮನೆಗೆ ಹೊಲ ಇರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಕೂಲಿ ಮಾಡುವ ಹೊಲದವರು ಕರೆಯುತ್ತಿದ್ದರು. ಬದುವಿನ ಮೇಲೆ ಸಾಲಾಗಿ ಕೂರಿಸಿ, ಮೇಲಿಂದ ನೀಡುತ್ತಿದ್ದರು. ಊಟ ಹೊಟ್ಟೆ ತುಂಬ ಇರುತ್ತಿತ್ತು. ಹೈಸ್ಕೂಲಿಗೆ ಬಂದ ವರ್ಷ ಮಗಳು ನಾನು ಬರುವುದಿಲ್ಲ ಎಂದು ಪುಸ್ತಕ ಹಿಡಿದು ಮನೆಯಲ್ಲಿ ಕುಳಿತಳು. ಮುಂದೆ ಹಾಸ್ಟೆಲು, ಓದು, ನೌಕರಿ. ಮೊದಮೊದಲು ಬೇಕೆಂದೇ ಬಿಟ್ಟ ದಿನ ಕ್ರಮೇಣ ನೆನಪಿನಿಂದಲೇ ಜಾರಿಹೋಗಿತ್ತು.

"ಬದುವಿನ ಮ್ಯಾಲ ಯಾಕ ಕುಂತ್ರಿ? ಒಳಗ ಬರ್ರಿ," ಎಂದ ಪರಮಣ್ಣ. ಮೇಡಂ ಏಳಲಿಲ್ಲ. ಅವನು ಹತ್ತಿರ ಬಂದು ನಿಂತು ಇನ್ನೊಂದು ಸಲ, ಮೆಲ್ಲಗೆ ಹೇಳಿದ. "ನಮ್ಮ ಹೊಲದಾಗ ಬದುವಿನ ಮ್ಯಾಲ ಕಾಗಿ ಕುಂದರತಾವ್ರಿ. ಮಂದಿ ಕಂಬಳಿ ಮ್ಯಾಲ."

ಅವರು ಎದ್ದು ಒಳಗೆ ಬಂದು ಕಂಬಳಿಯ ಮೇಲೆ ಕುಳಿತರು. ಆಮೇಲೆ ಪರಮಣ್ಣನನ್ನು ಒಂದು ಮಾತು ಕೇಳಿದರು. ಚರಗವನ್ನು ಇಂಥ ಹೊತ್ತಿಗೇ ಚೆಲ್ಲಬೇಕು ಎಂದಿದೆಯೇ? ಬೀಗರಿಗಾಗಿ ಕಾಯುವುದು ಭೂಮಿಗೋ, ನಮಗೋ?

ಪರಮಣ್ಣ ತಲೆ ಕೆರೆದುಕೊಂಡ. ಮಲ್ಲಾಬಾಯಿ ಗುಡಿಸಲ ಕಡೆಯಿಂದಲೇ ಉತ್ತರ ಕೊಟ್ಟಳು. "ಭೂತಾಯಿಗಿ ಬೀಗರು ಯಾರು? ನಿಮ್ಮ ತಮ್ಮನ ಬೀಗರು ಹೋದ ವರ್ಷ ಚರಗ ತಪ್ಪಿಸಿ ಬರೇ ಕಡಬಿನ ಹೊತ್ತಿಗಿ ಬಂದಾರ. ಅವರಿಗಿ ಎಲ್ಲಾ ಎತ್ತಿಟ್ಟಿರ್ತೀನಿ. ನೀವು ಚೆಲ್ರಿ."

ಪೂಜೆಯಾಯಿತು. ಪರಮಣ್ಣ ಚರಗದ ಬುಟ್ಟಿ ಹಿಡಿದು ಬೆಳೆಯೊಳಗೆ ನಡೆಯುತ್ತ ವಾಡಿಕೆಯ ಕೂಗು ಹಾಕಿದ. ಆ ಕೂಗು ಕೇಳಿ ಪಕ್ಕದ ಹೊಲದವರು ಇಷ್ಟು ಬೇಗ ಯಾಕೆ ಎಂದು ಕೂಗಿ ಕೇಳಿದರು. ಅವನು ಅಲ್ಲಿಂದಲೇ ಹೇಳಿದ, ಮಕ್ಕಳ ಕಾಲೇಜಿಗೆ ದೊಡ್ಡವರು ಬಂದಿದ್ದಾರೆ, ಮಕ್ಕಳು ಉಂಡು ಹೋಗಬೇಕು, ನೀವೂ ಚೆಲ್ಲಿ, ಮುಂದಿನ ಹೊಲಕ್ಕೂ ಹೇಳಿ. ಪಕ್ಕದವರು ಅವರ ಪಕ್ಕದವರಿಗೆ ಕೂಗಿದರು. ಕಾಲುವೆಯ ಉದ್ದಕ್ಕೂ ಒಂದು ಹೊಲದಿಂದ ಇನ್ನೊಂದಕ್ಕೆ ಚರಗದ ಕೂಗು ಹತ್ತುತ್ತ ಹೋಯಿತು. ಅಷ್ಟರಲ್ಲಿ ಅಂಜನಾ ಸಿಕಂದರನ ಫೋನು ತೆಗೆದುಕೊಂಡು ನೆನಪಿದ್ದ ನಂಬರುಗಳಿಗೆಲ್ಲ ಹಚ್ಚಿದಳು. ಫೋನು ಹತ್ತಿದ ಕಡೆಯ ಗೆಳತಿಯರು ತಮ್ಮ ತಮ್ಮ ಹೊಲದಲ್ಲಿ ಸುದ್ದಿ ಹೇಳಿದರು.

ಮಲ್ಲಾಬಾಯಿ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಎಣಗಾಯಿ ನೀಡಿದಳು. ಅವಸರದಲ್ಲೂ ಮೂರನೆಯ ರೊಟ್ಟಿ ಬೇಡ ಎನ್ನಲು ಬಿಡಲಿಲ್ಲ. ಸಿಕಂದರನಂತೂ ಕಡಬಿಗೆ ಕೈ ಹಾಕಿದವನು ಮೇಡಂ ಎದ್ದು ನಿಂತ ಮೇಲೂ ಎದ್ದಿರಲಿಲ್ಲ.

ಸುರಪುರಕ್ಕೆ ಕಾರು ಮುಟ್ಟುವಾಗ ಸಮಿತಿ ಆಗಲೇ ಬಂದಿತ್ತು. ಶಾಂತಕುಮಾರ ಅವರಿಗೆ ಗ್ರಂಥಾಲಯ ತೋರಿಸಿ, ಮತ್ತೊಮ್ಮೆ ತೋರಿಸಿ, ಮೂರನೆಯ ಚಹಾ ಕುಡಿಸುತ್ತಿದ್ದರು. ಲ್ಯಾಬಿನಲ್ಲಿ ಅಂಜನಾ ಮತ್ತು ಕಾರಿನಲ್ಲಿ ಹಿಡಿಸಿದ ಮೂವರು ಬಿಟ್ಟರೆ ಉಳಿದದ್ದು ಖಾಲಿ ಕುರ್ಚಿ. ಅಧ್ಯಕ್ಷರು ಗಡಿಯಾರ ನೋಡಿದರು. ಆಮೇಲೆ ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಅದರ ಹಿಂದೆ ಟಂಟಂ ಆಟೊ, ಅದರ ಹಿಂದೆ ಮೋಟರ್‌ಸೈಕಲ್ಲುಗಳು. ಹಬ್ಬದ ಸೀರೆ ಉಟ್ಟ ಹುಡುಗಿಯರು, ಕಾಲಿಗೆ ಎರೆಮಣ್ಣು ಅಂಟಿದ ಹುಡುಗರು, ಎಲ್ಲರ ಕೈಯಲ್ಲೂ ಬುತ್ತಿ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ರಾಶಿ ಬಿತ್ತು. ಒಳಗೆಲ್ಲ ಎಳ್ಳು, ಬೆಳ್ಳುಳ್ಳಿಯ ವಾಸನೆ.

ಹುಡುಗರು ತಾವು ಮಾಡಿದ ಕೆಲಸ ತೋರಿಸಿದರು. ಮೊದಲನೆಯವನದು ನಡೆಯಲಿಲ್ಲ, ಎರಡನೆಯವಳದು ನಡೆಯಿತು. ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕುಳಿತು ಮೇಡಂ ಕಡೆ ತಿರುಗಿದರು.

"ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ವೇಳಾಪಟ್ಟಿ ಮೇಲೆ ನಿಮ್ಮ ಪ್ರಬಂಧಗಳನ್ನ ನಾನೇ ಓದಿದೀನಿ. ಇಡೀ ನಾಡಿಗೆ ಗೊತ್ತಿರೋ ದಿನ ನಿಮ್ಮ ಪ್ರೋಗ್ರಾಮಿಗೆ ಹೇಗೆ ತಪ್ಪಿಹೋಯ್ತು?"

ಸಮಿತಿಯ ಮುಂದೆ ಹೇಳಬಹುದಾದ ಕಾರಣಗಳು ಬೇಕಾದಷ್ಟಿದ್ದವು. ಮೇಡಂ ಇದ್ದದ್ದನ್ನು ಹೇಳಿದರು.

"ನಮ್ಮ ಮನಿಗಿ ಹೊಲ ಇರಲಿಲ್ರಿ. ನನಗ ಗೊತ್ತಿದ್ದ ದಿನ ಅಷ್ಟ ಪ್ರೋಗ್ರಾಮಿಗಿ ಹೇಳಿದ್ದೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆ ಪ್ರೋಗ್ರಾಮನ್ನೇ ತೆರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಕುಲಸಚಿವೆಯ ತಪ್ಪು ನಿಮ್ಮ ಮುಂದಿದೆ, ಹೇಗೆ ಸರಿಪಡಿಸುತ್ತೀರಿ?

ಒಬ್ಬ ಹುಡುಗ ಆ ದಿನವನ್ನು ರಜೆಗೆ ಸೇರಿಸಿದರಾಯಿತು ಎಂದ. ಇನ್ನೊಬ್ಬಳು ಅವನನ್ನು ಅಲ್ಲೇ ತಡೆದಳು, ಅಮಾವಾಸ್ಯೆ ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೇನು? ಹಾಗಾದರೆ ಚಂದ್ರನ ಲೆಕ್ಕ ಹಾಕಬೇಕು ಎಂದು ಮೂರನೆಯವನು ಬೋರ್ಡಿಗೆ ಹೋದ. ಕಡೇಚೂರಿನ ಹುಡುಗನೊಬ್ಬ, ನಮ್ಮೂರಿನಲ್ಲಿ ಅರ್ಧ ಮಂದಿ ಫ್ಯಾಕ್ಟರಿ ಪಾಳಿಯವರು, ಅಲ್ಲಿ ತೊಂದರೆಯ ದಿನಗಳೇ ಬೇರೆ ಎಂದ. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದರು. ಹಬ್ಬದ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಅಂಜನಾ ಕೀಬೋರ್ಡಿನ ಮುಂದೆ ಕುಳಿತಳು.

"ಸರ್, ಎಲ್ಲಾ ದಿನ ಯಾದಗಿರಿಗಿ ಗೊತ್ತಾಗಂಗಿಲ್ರಿ," ಎಂದಳು. "ಪ್ರತಿ ಊರಿನ ಕಾಲೇಜು ತನ್ನ ದಿನ ತಾನ ತುಂಬಬೇಕು. ಎಲ್ಲಾರೂ ತುಂಬೂ ತನಕ ಪ್ರೋಗ್ರಾಮು ಓಡಬಾರ್ದು. ಬ್ಯಾರೇದವರು ಹೇಳ್ತಾರ ಅಂತ ಕಾಯೋದ ಬ್ಯಾಡ."

ಹೇಳುತ್ತ ಹೇಳುತ್ತಲೇ ಅವಳು ಅದಕ್ಕೆ ಬೇಕಾದ ಸಾಲುಗಳನ್ನು ಬರೆಯತೊಡಗಿದಳು. ಎರಡು ಕಡೆ ತಪ್ಪಿದಳು, ಹಿಂದೆ ನಿಂತವರು ತಿದ್ದಿದರು. ಸಮಿತಿಯ ಮೂವರೂ ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. ಹೊತ್ತು ಇಳಿಯುವುದನ್ನು ಕಂಡು ಹೊರಗೆ ಟ್ರ್ಯಾಕ್ಟರಿನವನು ಹಾರ್ನು ಹೊಡೆದ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಲ್ಲ. ಹೋಗುವ ಮೊದಲು ಹುಡುಗಿಯರು ಬುತ್ತಿ ಬಿಚ್ಚಿದರು. ಹಸನಸಾಬ ತಂದಿಟ್ಟ ಬಾಳೆ ಎಲೆ ಕೊನೆಗೂ ಕೆಲಸಕ್ಕೆ ಬಂತು. ಅಧ್ಯಕ್ಷರು ಭಜ್ಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು, ಖಾರಕ್ಕೆ ಕಣ್ಣು ಒರೆಸಿಕೊಂಡರು.

ಅನುಮತಿ ಬಂತು. ಸದ್ಯಕ್ಕೆ ಒಂದು ವರ್ಷಕ್ಕೆ, ಇನ್ನಿಬ್ಬರು ಶಿಕ್ಷಕರನ್ನು ತೆಗೆದುಕೊಳ್ಳಬೇಕೆಂಬ ಷರತ್ತಿನ ಮೇಲೆ. ಆ ಶಿಕ್ಷಕರಿಗಾಗಿ ಮೇಡಂ ಇನ್ನೂ ಓಡಾಡುತ್ತಿದ್ದಾರೆ. ಆದರೆ ತರಗತಿ ಶುರುವಾಗಿದೆ. ಅಂಜನಾ ಬೆಳಗಿನ ಬಸ್ಸಿಗೆ ಬಂದು ಲ್ಯಾಬ್ ಮುಗಿಸಿ, ಪರಮಣ್ಣ ಹೇಳಿದ ಹೊತ್ತಿಗೆ ಮನೆ ಸೇರುತ್ತಾಳೆ. ಅವಳು ಬರೆದ ಸಾಲುಗಳು ಸ್ವಲ್ಪ ತಿದ್ದುಪಡಿಯೊಂದಿಗೆ ಈಗ ಇಡೀ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿವೆ. ಕಾಲೇಜುಗಳು ತಮ್ಮ ದಿನಗಳನ್ನು ತುಂಬುವವರೆಗೆ ಕುಲಸಚಿವೆಗೂ ಒಂದು ತಾರೀಖು ಸಿಗುವುದಿಲ್ಲ.

ಈ ಸಲದ ಎಳ್ಳ ಅಮಾವಾಸ್ಯೆಗೆ ವಿಶ್ವವಿದ್ಯಾಲಯಕ್ಕೆ ರಜೆ ಇತ್ತು. ಪರಮಣ್ಣ ಫೋನು ಮಾಡಿ ಕರೆದಿದ್ದ. ಮೇಡಂ ತಾಯಿಯನ್ನೂ ಕರೆದುಕೊಂಡು ಹೋದರು. ಕಾರಿನಿಂದ ಇಳಿದ ಮರಿಲಿಂಗಮ್ಮ ಹೊಲ ಕಂಡೊಡನೆ ಅಭ್ಯಾಸಬಲದಿಂದ ಬದುವಿನ ಕಡೆಗೇ ಹೆಜ್ಜೆ ಹಾಕಿದರು. ಮಲ್ಲಾಬಾಯಿ ಓಡಿ ಬಂದು ಕೈ ಹಿಡಿದು ಕಂಬಳಿಯ ನಡುವೆ ಕೂರಿಸಿದಳು. ಚರಗ ಚೆಲ್ಲಿದ್ದಾಯಿತು, ಎಲೆ ಹಾಕಿದ್ದಾಯಿತು. ಮರಿಲಿಂಗಮ್ಮ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ನಿಧಾನವಾಗಿ ಅಗಿದರು. ತಮ್ಮ ಜೀವಮಾನವಿಡೀ ಯಾರ ಹೊಲದಲ್ಲೇ ಆಗಲಿ ನೀಡಿದ್ದನ್ನು ತಲೆ ತಗ್ಗಿಸಿ ಉಂಡು ಎದ್ದವರು ಅವರು.

"ಭಜ್ಜಿಗಿ ಉಪ್ಪು ಕಡಿಮಿ ಆಗ್ಯಾದ ನೋಡವ್ವ," ಎಂದರು.

ಮಲ್ಲಾಬಾಯಿ ಒಂದು ಚಮಚ ತಿಂದು ನೋಡಿ, ಖರೇ ಅದ ಎಂದು ಒಪ್ಪಿ, ಉಪ್ಪಿನ ಬಟ್ಟಲು ತರಲು ಎದ್ದಳು.